ಹತ್ತಿ ಹುಳಕ್ಕೆ ಹೇಸಿದ ಕಂಪನಿ

ಆದೋನಿಯ ಹತ್ತಿ ವ್ಯಾಪಾರಿ ಹಾಲಸ್ವಾಮಿಯವರ ಸೊಸೆ ಗಂಗೋತ್ರಿ ರಾಯಚೂರಿನಲ್ಲಿ ಕೃಷಿ ಓದಿದವಳು. ಗಡಿಯ ಕನ್ನಡದ ರೈತರಿಗೆಂದು ‘ಹತ್ತಿ ಹೊಲ’ ಎಂಬ ವೆಬ್‌ಸೈಟ್ ಶುರು ಮಾಡಿದ್ದಳು. ಯಾವ ಹುಳ ಹೇಗಿರುತ್ತದೆ, ಯಾವ ಔಷಧಿ ಹೊಡೆಯಬೇಕು, ಯಾವುದು ನಕಲಿ ಎಂದು ಅಲ್ಲಿ ಬರೆಯುತ್ತಿದ್ದಳು. ಸೈಟಿನ ಖರ್ಚು ಹುಟ್ಟಲಿ ಎಂದು ಜಾಹೀರಾತಿನ ಕಂಪನಿಯೊಂದಕ್ಕೆ ಪುಟದಲ್ಲಿ ಜಾಗ ಕೊಟ್ಟಳು.

ಅಲ್ಲಿಂದ ಆ ಕಂಪನಿಯ ನಿಯಮಗಳ ಕಾಟ ಹತ್ತಿಕೊಂಡಿತು. ಗೋಪ್ಯತೆಯ ಪುಟ ಬೇಕೆಂದರು, ಬರೆದಳು. ಯುರೋಪಿನ ಓದುಗರ ಮಾಹಿತಿ ಬಳಸಲು ಒಪ್ಪಿಗೆ ಕೇಳುವ ಪೆಟ್ಟಿಗೆ ಬೇಕೆಂದರು. ಹತ್ತಿರದ ಹೊಳಗುಂದ ಊರಿನ ಆಚೆ ಓದುವವರೇ ಕಡಿಮೆ, ಆದರೂ ಹಾಕಿದಳು. ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಬದಲಾಗಿರುತ್ತಿತ್ತು.

ಒಂದು ದಿನ ಗುಲಾಬಿ ಕಾಯಿಕೊರಕದ ಚಿತ್ರಕ್ಕೆ ಕಂಪನಿಯಿಂದ ಆಕ್ಷೇಪ ಬಂತು. ಸೀಳಿದ ಕಾಯಿಯೊಳಗಿನ ಹುಳ ಓದುಗರಿಗೆ ಅಸಹ್ಯ ಹುಟ್ಟಿಸುತ್ತದಂತೆ. ಗಂಗೋತ್ರಿ ಪುಟ ತೆರೆದು ನೋಡಿದಳು. ಅದೇ ಹುಳದ ಕೆಳಗೆ ಕಂಪನಿಯೇ ತಂದಿಟ್ಟ ಜಾಹೀರಾತು: ಕೊಳೆತ ಕಾಲುಗುರು, ಕೀವು, ಒಂದು ರಾತ್ರಿಯಲ್ಲಿ ವಾಸಿಯೆಂಬ ಮುಲಾಮು.

“ಮಾವಾರ, ನನ್ನ ಹುಳ ಹೊಲಸಂತ, ಅವರ ಕೀವು ಚೆಂದಂತ!” ಎಂದು ಫೋನನ್ನು ಮುಂದೆ ಹಿಡಿದಳು.

ಹಾಲಸ್ವಾಮಿ ಮುಖ ತಿರುಗಿಸಿದರು. “ತೆಗಿಯವ್ವಾ ಅತ್ಲಾಗ, ಈಗರ ಉಂಡೀನಿ.”

ಆದರೂ ಹುಳದ ಚಿತ್ರವನ್ನು ಪುಟದಿಂದ ತೆಗೆದುಹಾಕಿದಳು. ಚಿತ್ರವಿಲ್ಲದೆ ರೈತ ಹುಳ ಗುರುತಿಸುವುದು ಹೇಗೆ ಎಂಬುದು ಮನಸ್ಸನ್ನು ಕೊರೆಯುತ್ತಲೇ ಇತ್ತು.

ಶ್ರಾವಣದಲ್ಲಿ ಹೊಳಗುಂದದ ರೈತ ಬಜಾರಪ್ಪ ಮಾವನ ಅಂಗಡಿಗೆ ಬಂದ. ಸುಟ್ಟ ಹತ್ತಿ ಎಲೆಗಳನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

“ಅಕ್ಕಾರ, ನೀವ ಹೇಳಿದ ಹುಳದ ಮಂದು ಹೊಡದೀನ್ರಿ. ಹಿಂಗಾಗೇತಿ ನೋಡ್ರಿ.”

“ನಾ ಯಾವ ಮಂದು ಹೇಳೀನಿ, ಬಜಾರಪ್ಪಣ್ಣ?”

ಅವನು ಫೋನು ತೋರಿಸಿದ. ನಕಲಿ ಔಷಧಿ ಕೊಳ್ಳಬೇಡಿ ಎಂದು ಅವಳು ಬರೆದ ಲೇಖನದ ನಡುವೆ, ಅವಳ ಪುಟದ್ದೇ ಹಸಿರು ಬಣ್ಣದಲ್ಲಿ, ಹೆಸರೇ ಕೇಳದ ಔಷಧಿಯ ಜಾಹೀರಾತು. ಮೂಲೆಯಲ್ಲಿ ‘ಜಾಹೀರಾತು’ ಎಂಬ ಅಕ್ಷರ ಇರುವೆಯಷ್ಟಿತ್ತು.

“ನಿಮ್ಮ ಪುಟದಾಗ ಐತಿ ಅಂದ್ರ ನಿಮ್ಮ ಮಾತ ಅಂತ ತಿಳಕೊಂಡ್ನಿರಿ,” ಎಂದ.

ಗಂಗೋತ್ರಿ ಅವತ್ತೇ ಕಂಪನಿಗೆ ದೂರು ಬರೆದಳು. ಜಾಹೀರಾತು ನಿಯಮದ ಪ್ರಕಾರವೇ ಇದೆ ಎಂದು ಯಂತ್ರದ ಉತ್ತರ ಬಂತು. ಮರುದಿನ ಇನ್ನೊಂದು ಬಂತು: ನಕಲಿ ಔಷಧಿಯ ಬಗ್ಗೆ ಅವಳು ಬರೆದ ಲೇಖನವೇ ಅಪಾಯಕಾರಿ ವಸ್ತುಗಳ ನಿಯಮ ಮುರಿದಿದೆ, ತೆಗೆಯಬೇಕು.

“ಥೂ, ಇವರ ನಾಲಿಗಿಗೆ ಎಲುಬಿಲ್ಲ,” ಎಂದವಳೇ ಕೂತು, ಕಂಪನಿಯ ಜಾಹೀರಾತುಗಳನ್ನೆಲ್ಲ ಸೈಟಿನಿಂದ ಕಿತ್ತುಹಾಕಿದಳು. ಲೇಖನ ಉಳಿಸಿಕೊಂಡಳು. ಹುಳದ ಚಿತ್ರವನ್ನು ಮೊದಲಿಗಿಂತ ದೊಡ್ಡದಾಗಿ ಹಾಕಿದಳು.

ಆಮೇಲೆ ಹೊಳಗುಂದಕ್ಕೆ ಹೋಗಿ ಬಜಾರಪ್ಪನ ಹೊಲ ಸುತ್ತಿದಳು. ಚಿಗುರು ಉಳಿದ ಸಾಲುಗಳನ್ನು ಗುರುತಿಸಿ, ಏನು ಮಾಡಬೇಕೆಂದು ಹೇಳಿದಳು. ಎಲ್ಲವನ್ನೂ ಸೈಟಿನಲ್ಲಿ ಹಾಕುತ್ತೇನೆ, ನೋಡಿಕೊಂಡು ಮಾಡಿ ಎಂದಳು.

ಬಜಾರಪ್ಪ ತಲೆ ಕೆರೆದುಕೊಂಡ. “ಸೈಟ ಬ್ಯಾಡ್ರಿ ಅಕ್ಕಾರ. ನೀವ ಫೋನ ಮಾಡಿ ಬಾಯಿಲೆ ಹೇಳ್ರಿ.”