ಸುಂಡಿಲಿಯ ನಡಿಗೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಇಲಿಯಮ್ಮ' ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ವಿಡಿಯೋ ಗೇಮ್ ತಯಾರಿಸುವ ಆ ಕಂಪನಿಯಲ್ಲಿ ಅವಳ ಪಾಲಿಗೆ ಬಂದದ್ದು ಇಲಿಗಳ ಚಿತ್ರಗಳೇ. ಗೇಮಿನ ನಾಯಕನನ್ನು, ಅವನು ಸೇರಬೇಕಾದ ಕೋಟೆಯನ್ನು, ಕೊನೆಯಲ್ಲಿ ಬರುವ ದೈತ್ಯ ಗೂಬೆಯನ್ನು ಬರೆಯುವವರು ಬೇರೆ. ಅವರ ಮೇಜುಗಳು ಕಿಟಕಿಯ ಪಕ್ಕ. ಇಲಿ, ಏಡಿ, ಕಂಬಳಿಹುಳದಂಥ ಚಿಲ್ಲರೆ ಶತ್ರುಗಳನ್ನು ಬರೆಯುವ ಅವಳ ಮೇಜು ಕುಡಿಯುವ ನೀರಿನ ಡ್ರಮ್ಮಿನ ಪಕ್ಕ. ನೀರಿಗೆ ಬಂದವರೆಲ್ಲ ಅವಳ ಭುಜದ ಮೇಲಿಂದ ಬಗ್ಗಿ ನೋಡಿ, ಪುಕ್ಕಟೆ ಸಲಹೆ ಕೊಟ್ಟು, ಹೋಗುವಾಗ ಕಾಗದದ ಮೇಲೆ ಒಂದೆರಡು ಹನಿ ಚೆಲ್ಲಿ ಹೋಗುತ್ತಿದ್ದರು.

ಗೇಮು ಸರಳವಾಗಿತ್ತು. ಟೊಪ್ಪಿಗೆ ಹಾಕಿದ ಒಬ್ಬ ಹುಡುಗ ಎಡದಿಂದ ಬಲಕ್ಕೆ ಓಡುತ್ತಾನೆ, ದಿಬ್ಬ ಹತ್ತುತ್ತಾನೆ, ಹಳ್ಳ ಹಾರುತ್ತಾನೆ. ದಾರಿಯಲ್ಲಿ ಎದುರಾಗುವ ಮೊಟ್ಟಮೊದಲ ಶತ್ರು ಒಂದು ಸುಂಡಿಲಿ. ಅದಕ್ಕೆ ಚೂಪು ಮೂತಿಯೊಂದು ಇದೆಯೇ ಹೊರತು ಹಲ್ಲಿಲ್ಲ, ವಿಷವಿಲ್ಲ, ಬುದ್ಧಿಯಂತೂ ಮೊದಲೇ ಇಲ್ಲ. ಈ ತುದಿಯಿಂದ ಆ ತುದಿಗೆ ನಡೆಯುತ್ತದೆ, ತಿರುಗಿ ಮತ್ತೆ ಈ ತುದಿಗೆ ನಡೆಯುತ್ತದೆ. ತಾಗಿದರೆ ಹುಡುಗನಿಗೆ ಪೆಟ್ಟು. ಹುಡುಗ ನೆಗೆದು ಅದರ ಬೆನ್ನ ಮೇಲೆ ಬಿದ್ದರೆ ಅದು 'ಪಚಕ್' ಎಂದು ಅಪ್ಪಚ್ಚಿಯಾಗಿ ಮಾಯವಾಗುತ್ತದೆ. ಆಡುವವರು ನೆಗೆಯುವುದನ್ನು ಕಲಿಯಲಿ ಎಂದೇ ಅದನ್ನು ಅಲ್ಲಿ ಇಟ್ಟದ್ದು. ಅದರ ಬಾಳು ಅಷ್ಟೇ.

ಆದರೂ ಅದರ ನಡಿಗೆಗಾಗಿ ಅವಳು ವಾರಗಟ್ಟಲೆ ಒದ್ದಾಡಿದಳು. ಎಂಟು ಚಿತ್ರ ಬರೆದು ಒಂದರ ಹಿಂದೊಂದು ಓಡಿಸಿದರೆ ಒಂದು ನಡಿಗೆ. ಬರೆದದ್ದನ್ನೆಲ್ಲ ಯಜಮಾನರು ವಾಪಸ್ಸು ಕಳಿಸುತ್ತಿದ್ದರು. ಏನೇ ತೋರಿಸಿದರೂ "ಚೆನ್ನಾಗಿದೆ, ಒಂದು ಸಣ್ಣ ತಿದ್ದುಪಡಿ" ಎನ್ನುವುದು ಅವರ ವಾಡಿಕೆ. ಹಾಗಾಗಿ ಅವರ ಬೆನ್ನ ಹಿಂದೆ ಅವರ ಹೆಸರೇ 'ತಿದ್ದುಪಡಿ' ಎಂದಾಗಿತ್ತು.

"ನಡಿಗೇಲಿ ಜೀವ ಇಲ್ಲಮ್ಮ," ಎಂದರು ತಿದ್ದುಪಡಿ. "ಇದು ಯಾವ ಇಲಿ ಬೇಕಾದ್ರೂ ಆಗಬಹುದು. ನೋಡಿದ ತಕ್ಷಣ 'ಓ, ಇವನೇ' ಅನ್ನಿಸಬೇಕು. ಜೊತೆಗೆ ನಗು ಬರಬೇಕು. ಸೋಮವಾರ ತೋರಿಸಿ. ಆಗಲಿಲ್ಲ ಅಂದ್ರೆ ಬೇರೆಯವರ ಕೈಲಿ ಬರೆಸ್ತೀನಿ."

ಅವಳ ಮನೆ ಎಂದರೆ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಬೇಸಿಗೆಯಲ್ಲಿ ಕೆಳಗಿನ ಕಾವು ನೆಲದ ಮೂಲಕ ಅಂಗಾಲಿಗೆ ಹತ್ತುತ್ತಿತ್ತು. ಒಂದು ಕೋಣೆಯಲ್ಲಿ ಅಮ್ಮ ಮತ್ತು ಅವಳು, ಇನ್ನೊಂದರಲ್ಲಿ ತಮ್ಮ. ತಮ್ಮನಿಗೆ ಎರಡು ವರ್ಷವಿದ್ದಾಗ ಬಂದ ಜ್ವರವೊಂದು ಅವನ ಬಲಗಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಬೆಳೆದಂತೆ ಆ ಕಾಲು ಸಣಕಲಾಗಿ ಹಿಂದೆ ಉಳಿಯಿತು. ಅವನು ಶಾಲೆಯೊಂದರ ಗೇಟು ಕಾಯುತ್ತಿದ್ದ. ಮಕ್ಕಳಿಗೆ ಅವನು 'ಗೇಟಣ್ಣ'. ಬಿಚ್ಚಿದ ಬೂಟಿನ ದಾರ ಕಟ್ಟುವವನು, ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಡುವವನು, ಅಪ್ಪ ಅಮ್ಮ ತಡವಾಗಿ ಬಂದ ಮಕ್ಕಳಿಗೆ ತನ್ನ ಸ್ಟೂಲು ಬಿಟ್ಟುಕೊಟ್ಟು ಕತೆ ಹೇಳುವವನು ಅವನೇ. ಅಳುತ್ತಾ ಬರುವ ಹೊಸ ಮಕ್ಕಳನ್ನು ಟೀಚರುಗಳು ಮೊದಲು ಅವನ ಹತ್ತಿರವೇ ಬಿಡುತ್ತಿದ್ದರು.

ಆ ಭಾನುವಾರ ಅವಳು ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಕಿಟಕಿಯಲ್ಲಿ ಕೂತಿದ್ದಳು. ಬೀದಿಯ ಕೊನೆಯಲ್ಲಿ ಸಾಮಾನಿನ ಚೀಲ ಹಿಡಿದು ತಮ್ಮ ಬರುತ್ತಿದ್ದ. ಎಡಗಾಲು ಊರುತ್ತಿದ್ದಂತೆ ಮೈ ಒಮ್ಮೆ ಏಳುತ್ತದೆ. ಬಲಗಾಲು ನೇರ ಬಾರದೆ ಅರ್ಧ ಸುತ್ತು ಹಾಕಿ ಬರುತ್ತದೆ. ಅದು ನೆಲ ಮುಟ್ಟುವಷ್ಟರಲ್ಲಿ ಇಡೀ ಮೈ ಗುಂಡಿಗೆ ಇಳಿದಂತೆ ಕುಸಿಯುತ್ತದೆ, ಬಿದ್ದೇಬಿಟ್ಟ ಅನ್ನುವಾಗ ಎಡಭುಜ ಮೇಲೆದ್ದು ಅದನ್ನು ಹಿಡಿದುಕೊಳ್ಳುತ್ತದೆ. ಪೆನ್ಸಿಲು ತಾನಾಗಿಯೇ ಓಡತೊಡಗಿತು. ತಾನು ಏನು ಬರೆಯುತ್ತಿದ್ದೇನೆ ಎಂಬುದು ಮೂರನೆಯ ಚಿತ್ರದ ಹೊತ್ತಿಗೆ ಅವಳಿಗೆ ಚೆನ್ನಾಗಿಯೇ ತಿಳಿದಿತ್ತು. ಆದರೂ ನಿಲ್ಲಿಸಲಿಲ್ಲ. ಕೆಳಗಿನಿಂದ ತಮ್ಮ ತಲೆಯೆತ್ತಿ ನಕ್ಕಾಗ ಅವಳೂ ಕೈ ಬೀಸಿದಳು. ಅವನು ಮೆಟ್ಟಿಲು ಹತ್ತಿ ಬರುವುದರೊಳಗೆ ಎಂಟನೆಯದೂ ಮುಗಿದಿತ್ತು.

ಸೋಮವಾರ ಆ ನಡಿಗೆಯನ್ನು ಪರದೆಯ ಮೇಲೆ ಓಡಿಸಿದಾಗ ತಿದ್ದುಪಡಿ ಬಿದ್ದು ಬಿದ್ದು ನಕ್ಕರು. ನಗು ಕೇಳಿ ಕಿಟಕಿ ಪಕ್ಕದವರೆಲ್ಲ ಎದ್ದು ಬಂದರು. ಯಾರೋ ಅದನ್ನು ಅನುಕರಿಸುತ್ತಾ ಮೇಜುಗಳ ನಡುವೆ ಓಡಾಡಿದರು. "ಇದಕ್ಕೆ ತಿದ್ದುಪಡಿ ಇಲ್ಲ!" ಎಂದು ಯಜಮಾನರು ಸಾರಿದಾಗ ಕೋಣೆಯೆಲ್ಲ ಚಪ್ಪಾಳೆ. ಅಷ್ಟು ವರ್ಷದಲ್ಲಿ ಅವಳಿಗೆ ಬಿದ್ದ ಮೊದಲ ಚಪ್ಪಾಳೆ ಅದು. ಅವಳೂ ನಕ್ಕಳು.

ಗೇಮ್ ಹೊರಬಂದು ಮಕ್ಕಳಿಗೆ ಹುಚ್ಚು ಹಿಡಿಸಿತು. ನಾಯಕನಿಗಿಂತ ಆ ಸುಂಡಿಲಿಯೇ ಅವರಿಗೆ ಅಚ್ಚುಮೆಚ್ಚು. ಅದನ್ನು ನೋಡಲೆಂದೇ, ಅದರ ಮೇಲೆ ನೆಗೆಯಲೆಂದೇ ಮತ್ತೆ ಮತ್ತೆ ಗೇಮಿನ ಮೊದಲ ಹಂತಕ್ಕೆ ಹಿಂದಿರುಗುತ್ತಿದ್ದರಂತೆ. ಮನೆಯಲ್ಲಿ ಅಮ್ಮನಿಗೆ ಹಿಗ್ಗು. ತಮ್ಮನ ಹಿಗ್ಗಂತೂ ಹೇಳತೀರದು. ಅವನು ಗೇಮ್ ನೋಡಿರಲಿಲ್ಲ, ಅಕ್ಕ ಬರೆದದ್ದು ಎಂದಷ್ಟೇ ಗೊತ್ತು. ಗೇಟಿನಲ್ಲಿ ನಿಂತು ಕಂಡ ಕಂಡ ಮಕ್ಕಳಿಗೆಲ್ಲ, "ಆ ಇಲೀನ ಬರೆದಿದ್ದು ಯಾರು ಗೊತ್ತಾ? ನಮ್ಮಕ್ಕ! ನಮ್ಮ ಸ್ವಂತ ಅಕ್ಕ!" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಮಕ್ಕಳು ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಕಾಲು ನೋಡಿದರು.

ಮುಂದಿನದನ್ನು ಅವಳು ಕಣ್ಣಾರೆ ಕಂಡದ್ದು ಒಂದು ಮಧ್ಯಾಹ್ನ. ಬುತ್ತಿಯನ್ನು ತಮ್ಮ ಮರೆತು ಹೋಗಿದ್ದನೆಂದು ಅದನ್ನು ಕೊಡಲು ಶಾಲೆಯ ಬೀದಿಗೆ ಬಂದಿದ್ದಳು. ಅವನು ಗೇಟಿನಿಂದ ನಲ್ಲಿಯ ಕಡೆಗೆ ಹೋಗುತ್ತಿದ್ದ. ಅವನ ಬೆನ್ನ ಹಿಂದೆ ಆರೇಳು ಮಕ್ಕಳ ಸಾಲು. ಎಲ್ಲರೂ ಬಲಗಾಲನ್ನು ಅರ್ಧ ಸುತ್ತು ಹಾಕಿ, ಮೈ ಕುಸಿದು, ಭುಜ ಎತ್ತಿ ನಡೆಯುತ್ತಿದ್ದರು. ಅವನು ನಿಂತರೆ ನಿಲ್ಲುವರು, ನಡೆದರೆ ನಡೆಯುವರು. ನಲ್ಲಿಯ ಹತ್ತಿರ ಒಬ್ಬಳು ಕುಪ್ಪಳಿಸಿ "ಪಚಕ್!" ಎಂದಳು. ಉಳಿದವರು ಹೋ ಎಂದರು. ತಮ್ಮ ತಿರುಗಿ ನಕ್ಕ. ಆ ನಗುವನ್ನು ಅವಳು ಅದಕ್ಕೆ ಮೊದಲು ಅವನ ಮುಖದಲ್ಲಿ ನೋಡಿರಲಿಲ್ಲ. ಬುತ್ತಿಯನ್ನು ಎದುರಿನ ಪುಸ್ತಕದಂಗಡಿಯವನ ಕೈಗೆ ಕೊಟ್ಟು, ಗೇಟಿನವರಿಗೆ ತಲುಪಿಸಿ ಎಂದು ಹೇಳಿ ಬಂದ ದಾರಿಯಲ್ಲೇ ಹೋದಳು.

ಅಂದೇ ಯಜಮಾನರ ಕೋಣೆಗೆ ಹೋಗಿ, ಎರಡನೆಯ ಗೇಮಿನಲ್ಲಿ ಸುಂಡಿಲಿಯ ನಡಿಗೆ ಬದಲಾಯಿಸುತ್ತೇನೆ ಎಂದಳು.

"ನಡಿಗೇನಾ? ಅದರ ಬಂಡವಾಳವೇ ನಡಿಗೆ ಅಲ್ಲವೇನಮ್ಮ? ಯಾಕೆ, ಏನಾಯ್ತು?"

"ಅದು ನಮ್ಮ ಮನೆಯವರೊಬ್ಬರ ನಡಿಗೆ, ಸಾರ್. ನನ್ನ ತಮ್ಮಂದು."

ತಿದ್ದುಪಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. "ಯಾರಿಗೂ ಹೇಳಬೇಡಿ," ಎಂದರು. "ನೀವು ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಕೀಲಿ ಕೊಟ್ಟರೆ ಹಾಗೇ ನಡೆಯೋ ಆಟಿಕೆ ಕೂಡ ತಯಾರಾಗ್ತಾ ಇದೆ. ಈಗ ಏನೂ ಮಾಡೋಕಾಗಲ್ಲ."

ಅವಳು ಜಗಳವಾಡಲಿಲ್ಲ. ತನ್ನ ಮೇಜಿಗೆ ಬಂದು ಕೂತು, ಎರಡನೆಯ ಗೇಮಿಗಾಗಿ ಅದೇ ಸುಂಡಿಲಿ ಮೆಟ್ಟಿಲಿಳಿಯುವ ಚಿತ್ರಗಳನ್ನು ಶುರುಮಾಡಿದಳು. ತಮ್ಮನ ಎದುರು ಕೂತು ಊಟ ಮಾಡುವಾಗ ಎಷ್ಟೋ ಸಲ ಬಾಯಿಯವರೆಗೆ ಬಂದ ಮಾತನ್ನು ತುತ್ತಿನ ಜೊತೆಗೇ ನುಂಗಿದಳು.

ಶಾಲೆಯ ಗೇಟಿನ ಪಕ್ಕ ಎದೆಮಟ್ಟದ ಒಂದು ಗೋಡೆಯಿದೆ. ಒಂದು ದಿನ ಬಿಡುವಿನ ವೇಳೆಯಲ್ಲಿ ಹುಡುಗನೊಬ್ಬ ಅದರ ಮೇಲೆ ಹತ್ತಿ ನಿಂತಿದ್ದ. ಕೆಳಗೆ ತಮ್ಮ ಬಗ್ಗಿ ಗೇಟಿನ ಅಗುಳಿಗೆ ಎಣ್ಣೆ ಹಾಕುತ್ತಿದ್ದ. "ಪಚಕ್!" ಎಂದು ಕೂಗಿ ಹುಡುಗ ನೆಗೆದ. ಕೂಗು ಕೇಳಿ ತಿರುಗಿದ ತಮ್ಮ, ಮೇಲಿನಿಂದ ಬೀಳುತ್ತಿದ್ದ ಮಗುವನ್ನು ಹಿಡಿಯಲು ಎರಡೂ ತೋಳು ಚಾಚಿದ. ಭಾರ ಬಿದ್ದದ್ದು ಬಲಗಾಲಿನ ಮೇಲೆ. ಅದು ಯಾವತ್ತು ತಾನೇ ಭಾರ ಹೊತ್ತಿತ್ತು? ಇಬ್ಬರೂ ಉರುಳಿದರು. ಹುಡುಗನ ಮೊಣಕೈ ಕಲ್ಲಿಗೆ ಬಡಿದು ಮುರಿಯಿತು.

ಟೀಚರುಗಳು ಬರುವವರೆಗೂ ತಮ್ಮ ಕಾಯಲಿಲ್ಲ. ಚೀರುತ್ತಿದ್ದ ಮಗುವನ್ನು ಎದೆಗವಚಿಕೊಂಡು ಬೀದಿಯ ತುದಿಯ ಡಾಕ್ಟರರ ಬಳಿಗೆ ಓಡಿದ. ಅವನು ಓಡಿದ್ದನ್ನು ಮಕ್ಕಳು ನೋಡಿದ್ದು ಅದೇ ಮೊದಲು. ನಡಿಗೆಯೇ ಹಾಗಿದ್ದ ಮೇಲೆ ಓಟ ಹೇಗಿದ್ದಿರಬೇಡ. ಗೇಟಿನ ಹತ್ತಿರ ಗುಂಪಾಗಿ ನಿಂತಿದ್ದವರಲ್ಲಿ ಒಬ್ಬರೂ ನಗಲಿಲ್ಲ ಎಂದು ಪುಸ್ತಕದಂಗಡಿಯವನು ಆಮೇಲೆ ಹೇಳಿದ.

ಹುಡುಗನ ತಂದೆ ಮರುದಿನ ಶಾಲೆಗೆ ಬಂದು ಎಗರಾಡಿದ. "ಗೇಟು ಕಾಯೋಕೆ ನೆಟ್ಟಗೆ ನಿಂತ್ಕೊಳ್ಳೋಕೂ ಆಗದೇ ಇರೋನು ಬೇಕಿತ್ತಾ ನಿಮಗೆ?" ಮುಖ್ಯೋಪಾಧ್ಯಾಯಿನಿ ತಮ್ಮನನ್ನು ಕರೆಸಿ, ಕುರ್ಚಿ ತೋರಿಸಿ, ಬಹಳ ಮೆತ್ತಗೆ ಮಾತಾಡಿದರು.

"ನಿಮ್ಮದೇನೂ ತಪ್ಪಿಲ್ಲ ಅಂತ ನನಗೆ ಗೊತ್ತಪ್ಪ. ಆದ್ರೆ ಮಕ್ಕಳು ನಿಮ್ಮನ್ನ ನೋಡಿದ್ರೆ ಸುಮ್ಮನಿರೋ ಹಾಗೆ ಕಾಣಲ್ಲ. ಇವತ್ತು ಕೈ ಮುರೀತು, ನಾಳೆ ಇನ್ನೇನೋ. ನೀವೇ ಯೋಚನೆ ಮಾಡಿ."

ಅವನು ಯೋಚನೆ ಮಾಡಲಿಲ್ಲ. ಗೇಟಿನ ಬೀಗದ ಕೈ ಮೇಜಿನ ಮೇಲಿಟ್ಟು ಬಂದುಬಿಟ್ಟ.

ಸಂಜೆ ಅವಳು ಕೆಲಸದಿಂದ ಬಂದಾಗ ಮನೆಯ ಮೆಟ್ಟಿಲ ಮೇಲೆ ತಮ್ಮ ಕೂತಿದ್ದ. ಕೆಳಗೆ ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸುವ ಸದ್ದು. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು. ವಿಷಯವನ್ನೆಲ್ಲ ಅವನು ಊರಿನ ಸುದ್ದಿ ಹೇಳುವವನಂತೆ ಹೇಳಿ ಮುಗಿಸಿದ.

"ಪುಟ್ಟ, ಆ ಇಲಿ ನಡಿಗೆ..." ಎಂದಳು ಅವಳು.

"ಗೊತ್ತು."

"ಯಾವಾಗಿಂದ?"

"ಒಂದು ಮಗು ಗೇಮ್ ತಂದು ತೋರಿಸ್ತು. 'ಗೇಟಣ್ಣ, ನೀನು ಇದರಲ್ಲಿ ಇದೀಯ, ನೋಡು' ಅಂತ. ಪಾಪ, ಖುಷಿಯಿಂದಾನೇ ತೋರಿಸಿದ್ದು." ಅವನು ಬಲಮಂಡಿಯನ್ನು ಎರಡೂ ಕೈಯಿಂದ ಎತ್ತಿ ಸರಿಮಾಡಿಕೊಂಡ. "ನನ್ನ ನಡಿಗೆ ಹೇಗಿದೆ ಅಂತ ನಾನೇ ನೋಡಿರ್ಲಿಲ್ಲ ಅಕ್ಕ. ಯಾರು ತಾನೇ ನೋಡ್ಕೋತಾರೆ? ಸ್ವಲ್ಪ ಕುಂಟ್ತೀನಿ ಅಷ್ಟೇ ಅಂದ್ಕೊಂಡಿದ್ದೆ. ಹೀಗಾ ಅಂತ ಅವತ್ತೇ ಗೊತ್ತಾಗಿದ್ದು."

"ನಾನು ಬೇಕು ಅಂತ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಮುಂದಿನ ಮಾತು ಸುಳ್ಳಾಗುತ್ತಿತ್ತು.

"ಚೆನ್ನಾಗೇ ಬರೆದಿದೀಯ. ಇಲ್ಲ ಅನ್ನಬಾರದು," ಎಂದ ತಮ್ಮ. "ಆ ಭುಜ ಮೇಲಕ್ಕೆ ಏಳೋದು ಕೂಡ ಬಿಟ್ಟಿಲ್ಲ. ಆದ್ರೆ ಅವತ್ತು ಕಿಟಕೀಲಿ ಕೂತು ಕೈ ಬೀಸಿದೆಯಲ್ಲ, ನಾನೇನೋ ಅಕ್ಕ ನನ್ನ ದಾರಿ ಕಾಯ್ತಿದಾಳೆ ಅಂದ್ಕೊಂಡಿದ್ದೆ."

ಬೈದಿದ್ದರೆ ಅವಳು ಅಳುತ್ತಿದ್ದಳೋ ಏನೋ. ಅವನು ಬೈಯಲಿಲ್ಲ. ಮೆಟ್ಟಿಲಿನ ಕಂಬಿ ಹಿಡಿದು ಎದ್ದು, ಅವಳು ಒಳಗೆ ಹೋಗುವವರೆಗೂ ಅಲ್ಲಿಂದ ಕದಲದೆ ನಿಂತ.

ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಅದರಿಂದ ಯಾವ ಲಾಭವೂ ಆಗಲಿಲ್ಲ. ಅವಳು ಬರೆದಿಟ್ಟ ಎಂಟು ಚಿತ್ರಗಳು ಕಂಪನಿಯಲ್ಲೇ ಇದ್ದವು, ಬರೆಯುವ ಕೈಗಳಿಗೆ ಬರವಿರಲಿಲ್ಲ. ಎರಡನೆಯ ಗೇಮು ಬಂತು, ಮೂರನೆಯದು ಬಂತು, ನಾಲ್ಕನೆಯದರಲ್ಲಿ ಸುಂಡಿಲಿಗಳು ಹಿಂಡು ಹಿಂಡಾಗಿ ಬಂದವು. ಕೀಲಿ ಕೊಡುವ ಆಟಿಕೆಗಳು ಅಂಗಡಿ ಕಿಟಕಿಗಳಲ್ಲಿ ದಿನವಿಡೀ ಕುಸಿದು ಎದ್ದು ನಡೆದವು. ಅವಳು ಔಷಧಿ ಪೆಟ್ಟಿಗೆಗಳ ಮೇಲೆ ಕಿವಿ, ಹಲ್ಲು, ಹೊಟ್ಟೆಗಳ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಯಾವುದೂ ನಡೆಯಬೇಕಾಗಿರಲಿಲ್ಲ.

"ಒಳ್ಳೇ ಕೆಲಸ ಯಾಕೆ ಬಿಟ್ಟೆಯೇ?" ಎಂದು ಅಮ್ಮ ಕೇಳಿದರು. ತಟ್ಟೆಯಿಂದ ತಲೆಯೆತ್ತದೆ ತಮ್ಮನೇ ಉತ್ತರ ಕೊಟ್ಟ: "ಕಣ್ಣು ನೋವಂತೆ ಅಮ್ಮ. ಸ್ಕ್ರೀನ್ ನೋಡಿ ನೋಡಿ." ಅಮ್ಮ ತೀರಿಕೊಳ್ಳುವವರೆಗೂ ಅದನ್ನೇ ನಂಬಿದ್ದರು. ನೆರೆಯವರ ಮುಂದೆ ಮಗಳ ಕಣ್ಣಿನ ಬಗ್ಗೆ ಮರುಗುತ್ತಿದ್ದರು.

ತಮ್ಮ ಸಿಟ್ಟು ಮಾಡಿಕೊಂಡವನಂತೆ ಎಂದೂ ನಡೆದುಕೊಳ್ಳಲಿಲ್ಲ. ಅವಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತ, ತಮಾಷೆ ಮಾಡಿದ, ಉಪ್ಪು ಹೆಚ್ಚಾಯಿತೆಂದು ರೇಗಿದ. ಒಂದು ವಿಷಯ ಮಾತ್ರ ಬದಲಾಗಿತ್ತು. ಬೀದಿಯಲ್ಲಿ ಜೊತೆಯಾಗಿ ಹೊರಟರೆ, "ನೀನು ಮುಂದೆ ಹೋಗ್ತಿರು," ಎಂದು ನಿಂತುಬಿಡುತ್ತಿದ್ದ. ಅವಳು ಸಾಕಷ್ಟು ದೂರ ಹೋದ ಮೇಲೆ ಅವನ ಹೆಜ್ಜೆ ಕೇಳಿಸುತ್ತಿತ್ತು, ಒಂದು ಗಟ್ಟಿ, ಒಂದು ಎಳೆದದ್ದು. ತಿರುಗಿ ನೋಡಬಾರದೆಂದು ಯಾರೂ ಹೇಳಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನವೂ ಅವಳು ಮುಂದೆ ಒಬ್ಬಳೇ ನಡೆದು ಬಂದಳು.

ಕೆಲವು ವರ್ಷ ಗೋದಾಮೊಂದರಲ್ಲಿ ಚೀಲಗಳ ನಡುವೆ ಕೂತು ಕೆಲಸ ಮಾಡಿದ ಮೇಲೆ, ಅವನು ಓಣಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿಯ ಸಣ್ಣ ಅಂಗಡಿ ಇಟ್ಟ. ಮಕ್ಕಳು ಸುಳಿಯದ ಓಣಿ. ತಗಡಿನ ಹಲಗೆಯೊಂದನ್ನು ಅವಳ ಮುಂದೆ ತಂದಿಟ್ಟು, "ಬೋರ್ಡು ನೀನೇ ಬರಿ," ಎಂದ. ಅವಳು ಗೇಮಿನ ಕೆಲಸ ಬಿಟ್ಟ ಮೇಲೆ ಅವನು ಅವಳ ಕೈಯಿಂದ ಏನನ್ನಾದರೂ ಬರೆಸಿದ್ದು ಅದೇ ಮೊದಲು. ಅವಳು ಬ್ರಷ್ಷು ತೊಳೆದುಕೊಂಡು, ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರ ಬರೆಯಲೇ ಎಂದು ಕೇಳಿದಳು.

"ಚಿತ್ರ ಬೇಡ ಅಕ್ಕ," ಎಂದ ತಮ್ಮ. "ಬರೀ ಅಕ್ಷರ ಬರಿ."

ಅವಳು ನೀಲಿ ಬಣ್ಣದಲ್ಲಿ ದೊಡ್ಡ ಅಕ್ಷರ ಬರೆದುಕೊಟ್ಟಳು. ಒಣಗಿದ ಮೇಲೆ ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಬಳಿ ನಿಂತ. ಅವಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆಮೇಲೆ ಅವನು ಮೆಟ್ಟಿಲಿಳಿದ.