ಕಟಾಂಜನದ ಸಿಂಹ

ಊರಿನ ಗಡಿಯಾರಗಳನ್ನೆಲ್ಲ ನಲವತ್ತು ವರ್ಷ ನಿಮಿಷ ತಪ್ಪದಂತೆ ನಡೆಸಿದ ಗಡಿಯಾರ ರಿಪೇರಿಯ ಯಜಮಾನರು ಸ್ವಂತ ಮನೆಯ ವಿಷಯದಲ್ಲಿ ಮಾತ್ರ ಒಂದೇ ಪದವನ್ನು ನೆಚ್ಚಿದ್ದರು: ‘ನೋಡೋಣ’. ಕಣ್ಣಿಟ್ಟು ನೋಡುವುದು ಅದರ ಒಂದು ಅರ್ಥ, ಕೈ ಹಚ್ಚದೆ ಮುಂದೂಡುವುದು ಇನ್ನೊಂದು. ಎರಡನೆಯದರಲ್ಲಿ ತಮಗೆ ಸರಿಸಾಟಿಯಿಲ್ಲವೆಂದು ಆಮೇಲೆ ಅವರೇ ಒಪ್ಪಿಕೊಂಡರು.

ತಾತ ಕಟ್ಟಿಸಿದ ಮನೆ. ಮಹಡಿಗೆ ಮರದ ಮೆಟ್ಟಿಲು, ಪಕ್ಕದಲ್ಲಿ ಕೈಯಾಸರೆಗೆ ಕೆತ್ತನೆಯ ಕಟಾಂಜನ, ಅದರ ಬುಡದ ಕಂಬದ ಮೇಲೆ ಹಲ್ಲು ಕಿರಿದ ಸಿಂಹದ ತಲೆ. ಮಹಡಿಯಲ್ಲಿ ಬಾಡಿಗೆಗಿದ್ದವರು ಒಬ್ಬ ನರ್ಸಮ್ಮ ಮತ್ತು ಕಣ್ಣು ಮಂಜಾದ ಆಕೆಯ ಅತ್ತೆ. ದಿನವೂ ಬೆಳಿಗ್ಗೆ ಅಂಗಳದ ಬಿಸಿಲಿಗೆ ಇಳಿಯುವುದೊಂದೇ ಆ ಅಜ್ಜಿಗೆ ಉಳಿದ ಸಂತೋಷ.

“ಸಿಂಹ ಅಲ್ಲಾಡ್ತಿದೆ ಯಜಮಾನ್ರೇ. ನಮ್ಮತ್ತೆ ಅದನ್ನೇ ಹಿಡ್ಕೊಂಡು ಇಳಿಯೋದು. ಗೋಡೆ ಕಡೆ ಒಂದು ಕಬ್ಬಿಣದ ಸರಳು ಹಾಕ್ಸಿಕೊಡಿ,” ಎಂದಳು ನರ್ಸಮ್ಮ.

“ನೋಡೋಣಮ್ಮ.”

“ಮೂರು ತಿಂಗಳಿಂದ ನೋಡ್ತಾನೇ ಇದೀರಿ. ಸಿಂಹಾನೂ ನಿಮ್ಮನ್ನೇ ನೋಡ್ತಿದೆ.”

ತಾತನ ಮೆಟ್ಟಿಲಿಗೆ ಕಬ್ಬಿಣವೇ? ಬದಲಿಗೆ ಅವರು ಭಾನುವಾರ ಕೂತು ಮೆಟ್ಟಿಲಿಗೆಲ್ಲ ಮೇಣ ತಿಕ್ಕಿ ಫಳಫಳ ಹೊಳೆಯಿಸಿದರು. ಬಾಡಿಗೆಯವರ ಮೇಲೆ ಇಷ್ಟು ಅಕ್ಕರೆ ಇನ್ನಾರಿಗುಂಟು ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಅಂದು ಸಂಜೆ ಪ್ರಾರ್ಥನಾ ಸಭೆಯಲ್ಲಿ ಅವರದೇ ಉಪದೇಶ, ವಿಷಯ ‘ಕಾಲು ಜಾರದಂತೆ ಬಾಳುವುದು’. ಪೀಠಿಕೆಯನ್ನು ಅಜ್ಜಿಗೆ ಓದಿ ಹೇಳೋಣವೆಂದು ಕಾಲುಚೀಲದಲ್ಲೇ ಮಹಡಿ ಹತ್ತಿದರು. ಹತ್ತುವಾಗ ಭಗವಂತ ಕ್ಷಮಿಸಿದ. ಇಳಿಯುವಾಗ ಮೇಣ ಕ್ಷಮಿಸಲಿಲ್ಲ. ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ ಜಾರಿ, ಸಿಂಹವನ್ನು ತಬ್ಬಿ, ಸಿಂಹದ ಸಮೇತ ನೆಲಕ್ಕೆ ಬಂದರು.

“ಏನದು ಸದ್ದು?” ಮೇಲಿನಿಂದ ಅಜ್ಜಿ ಕೇಳಿದರು.

“ನಾನಮ್ಮ. ಉಪದೇಶ ಜಾರಿತು.”

“ಪೆಟ್ಟಾಯ್ತಾ?”

“ಕೂರೋ ಜಾಗಕ್ಕೆ ಮಾತ್ರ.”

“ನನಗಂತೂ ಕಾಣಲ್ಲಪ್ಪ. ಕಂಬ ಹ್ಯಾಗಿದೆ, ಈಗಲಾದ್ರೂ ನೋಡಿದ್ರಾ?”

ತೊಡೆಯ ಮೇಲೆ ಸಿಂಹದ ತಲೆ. ಎದುರಿನ ಕಂಬದಲ್ಲಿ ಗೆದ್ದಲು ತಿಂದ ಮೊಂಡು ಗೂಟ. ನಾಳೆ ಬೆಳಿಗ್ಗೆ ಆ ಗೂಟವನ್ನು ನಂಬಿ ಇಳಿಯಬೇಕಿದ್ದವರು ಅಜ್ಜಿ. ಯಜಮಾನರು ಸಿಂಹವನ್ನು ಪಕ್ಕಕ್ಕಿಟ್ಟು ಎದ್ದರು.

“ನೋಡಿದೆನಮ್ಮ. ಸರಿಯಾಗೋವರೆಗೂ ನನ್ನ ಕೈ ಹಿಡ್ಕೊಂಡೇ ಇಳೀರಿ.”

ಸಂಜೆಯ ಉಪದೇಶವನ್ನು ಅವರು ನಿಂತೇ ಮಾಡಿದರು, ಭಕ್ತಿಯಿಂದಲ್ಲ, ಕೂರಲಾಗದೆ.

ಮರುದಿನ ಬಂದ ಬಡಗಿ ತಲೆಯನ್ನೂ ಗೂಟವನ್ನೂ ತಿರುಗಿಸಿ ನೋಡಿದ. “ಕೆತ್ತನೆ ನಿಮ್ಮ ಪ್ರೀತಿ ಯಜಮಾನ್ರೇ, ಬೇಡ ಅನ್ನಲ್ಲ. ಆದ್ರೆ ಬಾಡಿಗೆಗೆ ಕೊಟ್ಟ ಮೇಲೆ ಮೆಟ್ಟಿಲು ನಿಮ್ಮ ಹೊಣೆ.” ಹೊಸ ಗೂಟ ಹೂಡಿ, ಸಿಂಹದ ನೆತ್ತಿಗೆ ಬೋಲ್ಟು ಬಿಗಿದು, ಗೋಡೆಗೆ ಸರಳು ಜೋಡಿಸಿದ. ಯಜಮಾನರು ಎರಡು ದಿನ ಮೆಟ್ಟಿಲ ಮೇಲೆ ಮಂಡಿಯೂರಿ ಮೇಣ ಕೆರೆದರು. ಒಂದು ಆಯುಷ್ಯದ ಪ್ರಾರ್ಥನೆಯಲ್ಲೂ ಆ ಮಂಡಿಗಳು ಅಷ್ಟು ಸವೆದಿರಲಿಲ್ಲ.

ಮೂರನೆಯ ಬೆಳಿಗ್ಗೆ ಅಜ್ಜಿ ಸರಳು ಹಿಡಿದು ಒಬ್ಬರೇ ಇಳಿದು ಬಂದರು. ದಾಟುವಾಗ ಸಿಂಹದ ನೆತ್ತಿ ಸವರಿದರು.

“ಗಟ್ಟಿಯಾಗಿದೆ. ಅಂದಹಾಗೆ, ಮೇಲಿನ ಕೋಣೆ ಸ್ವಿಚ್ಚು ಮುಟ್ಟಿದ್ರೆ ಚುರುಕ್ ಅನ್ನುತ್ತೆ.”

“ನೋ...” ಎಂದ ಯಜಮಾನರು ಉಳಿದದ್ದನ್ನು ನುಂಗಿಕೊಂಡು ಚಪ್ಪಲಿ ಮೆಟ್ಟಿದರು. “ವೈರಿಂಗಿನವನನ್ನ ಕರ್ಕೊಂಡೇ ಬರ್ತೀನಿ. ಅಲ್ಲೀವರೆಗೆ ಮುಟ್ಟಬೇಡಿ.”