ನೀರು ಕುಡಿದ ಕಂಬಳಿ

ಮುದನಾಳದಾಗ ಮಗಳ ಮನಿ ಪಡಸಾಲ್ಯಾಗ ಕುಂತು ತೊಗರಿಕಾಯಿ ಬಿಡಿಸಾಕತ್ತಿದ್ದೆ. ಒಳಗಿಂದ ಕಂಬಳಿ ಉಣ್ಣಿ ಸುಟ್ಟ ವಾಸನಿ ಬಂತು. ಗಾಬರಿಯಾಗಿ ಒಳಗ ಓಡಿದೆ. ಈ ವಯಸ್ಸಿನಾಗ ಓಡೋದಂದ್ರ ಗ್ವಾಡಿ ಹಿಡಕೊಂಡು ಹೋಗೋದು. ನೋಡಿದ್ರ ಮೊಮ್ಮಗಳು ಕನ್ನಡಿ ಮುಂದ ಕುಂತು, ಕರೆಂಟಿನ ಇಕ್ಕಳದಾಗ ತನ್ನ ಗುಂಗುರು ಕೂದಲ ಹಿಡದು ಇಸ್ತ್ರಿ ಮಾಡಾಕತ್ತಿದ್ಲು.

"ಏನ್ ಸುಡಾಕತ್ತೀಯವ್ವ? ಕುರಿ ಸುಟ್ಟಂಗ ನಾರಾಕತ್ತದ."

"ಕುರಿ ಉಣ್ಣಿನೂ ನನ್ನ ಕೂದಲನೂ ಒಂದ ಮಾಲು, ಆಯಿ" ಅಂತ ನಕ್ಕಳು. ಯಾದಗಿರಿ ಕಾಲೇಜಿನಾಗ ಸೈನ್ಸ್ ಓದತಾಳ ಆಕಿ.

ಆ ಮಾತು ನಾ ಮೊದಲೂ ಒಮ್ಮೆ ಕೇಳಿದ್ದೆ… ಬ್ಯಾರೆಯವರ ಬಾಯಾಗ.

ನಮ್ಮೂರು ಸುರಪುರದ ಕಡಿ. ಕುರಿ ಮಂದಿ ನಾವು. ನಮ್ಮ ಓಣಿಯಾಗ ಕಂಬಳಿ ನೇಯೋ ಮುದುಕ ಒಬ್ಬ ಇದ್ದ. ಊರೆಲ್ಲಾ ಅವನ್ನ ಕಂಬಳಿ ಕಾಕಾ ಅಂತಿತ್ತು, ನಾನೂ ಹಂಗೇ ಕರೀತಿದ್ದೆ. ಕುಣಿಯಾಗ ಕಾಲು ಇಳಿಬಿಟ್ಟು ಹೊತ್ತು ಮುಳುಗೋ ತನಕ ಮಗ್ಗದ ಮುಂದ ಕುಂತಿರತಿದ್ದ. ಕಣ್ಣು ಅಷ್ಟಕ್ಕಷ್ಟೇ, ಬಾಯಿ ಜೋರು. ದೇವರಂಥ ಮನಷ್ಯಾ ಅಂತ ನಾ ಹೇಳಾಂಗಿಲ್ಲ. ಚಾದಾಗ ಸಕ್ಕರಿ ಕಮ್ಮಿ ಆದ್ರ ಕಪ್ಪು ತಿರುಗಿ ಕಳಸತಿದ್ದ. ಆದ್ರ ಅವನ ಕಂಬಳಿ ಹೊದ್ದು ಮಳಿಯಾಗ ಕುರಿ ಹಿಂದ ಅಡ್ಡಾಡಿದ್ರೂ ಮೈ ತೊಯ್ತಿದ್ದಿಲ್ಲ.

ನಮ್ಮಲ್ಲಿ ಲಗ್ನದಾಗ ಮದುಮಕ್ಕಳು ಕರಿ ಕಂಬಳಿ ಮ್ಯಾಲೇ ಕುಂಡ್ರಬೇಕು. ಅದು ಹೆಣ್ಣಿನವರ ಸ್ವಂತ ಕುರಿ ಉಣ್ಣಿದಿರಬೇಕು. ಬಜಾರದ ನೂಲು ಒಂದೆಳಿ ಕೂಡಿದ್ರೂ ನಡಿಯಂಗಿಲ್ಲ. ಬೆರಕಿ ಕಂಬಳಿ ಮ್ಯಾಲೆ ಹಾಕಿದ ಅಕ್ಕಿಕಾಳು ದಕ್ಕಂಗಿಲ್ಲ ಅಂತ ಹಿರ್ಯಾರ ಮಾತು. ನಾ ನಂಬತೀನೋ ಇಲ್ಲೋ ಅದು ಬ್ಯಾರೆ. ಬೀಗರು ನಂಬತಾರಲ್ಲ, ಮುಗೀತು.

ನನ್ನ ಮಗಳಿಗೆ ಗೊತ್ತಾದ ವರ ನಾರಾಯಣಪುರ ಡ್ಯಾಮಿನ ಮ್ಯಾಲೆ ನೌಕರಿ ಮಾಡತಿದ್ದ, ಕ್ವಾರ್ಟರ್ಸಿನಾಗ ಇರತಿದ್ದ. ಕಾಕಾಗ ಇದೇ ತಲಿಗೆ ಹತ್ತಿತು. ಪ್ಯಾಂಟ್ ಹಾಕೋ ಅಳಿಯ ಕುಂಡ್ರೋ ಕಂಬಳಿ ಕುರಿಹಟ್ಟಿಯಂಗ ನಾರಬಾರದು ಅಂತ ಅವನೇ ವಿಚಾರ ಮಾಡಿದ. ನಾವು ಕೊಟ್ಟ ಉಣ್ಣಿನ ಕುದಿಯೋ ನೀರಾಗ ಬಟ್ಟಿ ಒಗಿಯೋ ಸೋಡಾ ಹಾಕಿ ಮತ್ತ ಮತ್ತ ತೊಳದ. ಹಿಂದ ಯಾವತ್ತೂ ಹಂಗ ಮಾಡಿದವನಲ್ಲ. ಆಗ ನಮಗ ಯಾರಿಗೂ ಹೇಳಲೂ ಇಲ್ಲ, ಲಗ್ನ ಆದಮ್ಯಾಲೆ ಅವನೇ ಹೇಳಿದ್ದು. ಕಂಬಳಿ ತಂದು ಕೊಟ್ಟಾಗ ಹತ್ತಿಯಂಗ ಹಗುರ ಇತ್ತು. ನೇಯ್ಗಿ ಚಲೋ ಬಂದದ ಅಂದಕೊಂಡು ಮಡಚಿ ಇಟ್ಟೆ.

ಲಗ್ನದ ಹಿಂದಿನ ದಿನ ಮಧ್ಯಾಹ್ನ ಬೀಗರು ಬಂದ್ರು. ಮಗಳು ಅರಿಶಿಣ ಹಚ್ಚಿಕೊಂಡು ಒಳಗ ಕುಂತಿದ್ಲು. ವರನ ಸೋದರತ್ತಿ ಒಬ್ಬಾಕಿ ಇದ್ಲು, ಹೈದರಾಬಾದಿನಿಂದ ತರಿಸಿದ್ದು ಅಂತ ಒಂದು ಶಾಲು ಹೊದ್ದುಕೊಂಡು, ಆ ಬಿಸಲಾಗೂ ತೆಗೀದೆ ಕುಂತಿದ್ಲು. ಆಕಿನೇ ಕಂಬಳಿ ತರಿಸಿ ಮೂಗಿಗೆ ಹಿಡದ್ಲು.

"ಏನ್ರಿ ಬೀಗತಿ, ಕುರಿ ವಾಸನಿನೇ ಇಲ್ಲ ಇದಕ್ಕ? ಬಜಾರದ ನೂಲು ಕೂಡಿಸೀರೇನು?"

"ನಮ್ಮ ಕುರಿದೇ ಅದ್ರಿ. ನಿಮಗ ನೆಗಡಿ ಆಗಿರಬೇಕು" ಅಂದೆ.

ಆಕಿ ತಂಬಿಗಿ ಎತ್ತಿ ಕಂಬಳಿ ಮ್ಯಾಲೆ ನೀರು ಹನಿಸಿದ್ಲು. ಅಸಲಿ ಕಂಬಳಿ ಮ್ಯಾಲೆ ನೀರು ಕಾಳು ಕಟ್ಟಿ ನಿಂದರತದ, ಜಾಡಿಸಿದ್ರ ಉದುರತದ. ಇದು ಹಂಗ ಮಾಡಲಿಲ್ಲ. ಬ್ಯಾಸಗಿ ನೆಲದಂಗ ಗಟಗಟ ಕುಡೀತು. ಬೀಗ ಎದ್ದು ರುಮಾಲು ಸುತ್ತಿಕೊಳ್ಳಾಕ ಹತ್ತಿದ. "ಹೊರಗ ಮಾತಾಡಿ ಹೇಳತೀವ್ರಿ" ಅಂದ. ಹೊರಗ ಮಾತಾಡಾಕ ಹೋದ ಬೀಗರು ಹೊಳ್ಳಿ ಬರಾಂಗಿಲ್ಲ, ಅದು ಗೊತ್ತಿದ್ದದ್ದೇ. ಅರಿಶಿಣ ಹಚ್ಚಿದ ಹುಡುಗಿ ಮನ್ಯಾಗ ಉಳಿದ್ರ ಆಮ್ಯಾಲೆ ಆಕಿನ್ನ ಕೇಳಾಕ ಯಾರು ಬರತಾರ? ಕಾಕಾನ್ನ ಕರಿಯಾಕ ಕಳಿಸಿದೆ.

ಬಂದ. ತೊಯ್ದ ಜಾಗ ಮುಟ್ಟಿದ. ಮೂಸಿದ. ಒಂದೂ ಮಾತಾಡಲಿಲ್ಲ… ಆ ಬಾಯಿ ಸುಮ್ಮಿದ್ದದ್ದು ನಾ ಅವತ್ತೇ ನೋಡಿದ್ದು. ಆಮ್ಯಾಲೆ ಕಡ್ಡಿಪೆಟ್ಟಿಗಿ ಕೇಳಿದ. ಅಂಚಿನಾಗಿಂದ ಒಂದೆಳಿ ಎಳದು ಕಡ್ಡಿ ಗೀರಿದ. ನೂಲು ಚುರುಗುಟ್ಟಿ ಸುರುಳಿ ಆತು, ಘಾಟು ಎದ್ದಿತು. ಬೂದಿನ ಬೆರಳಾಗ ತಿಕ್ಕಿದ, ಪುಡಿ ಆಗಿ ಉದುರಿತು. ಅಷ್ಟ ಆಗಿದ್ದೇ ತಡ, ಅವನ ಬಾಯಿ ಬಂತು.

"ಮೂಗು ತಾ ಇಲ್ಲಿ ತಂಗಿ, ಎಲ್ಲೈತಿ ನಿನ್ನ ಮೂಗು?"

"ಏನು ಸುಟ್ರೂ ನಾರತದ" ಅಂದ್ಲು ಸೋದರತ್ತಿ.

"ಹಂಗಾರ ನಿನ್ನ ತಲಿದು ಒಂದು ಕೂದಲ ಕೊಡು."

"ಹುಚ್ಚ ಮುದುಕಾ, ನನ್ನ ಕೂದಲ ಯಾಕ ಕೊಡಲಿ?"

ಬೀಗನಿಗೆ ನಗು ತಡೀಲಿಲ್ಲ. ತನ್ನ ಮೀಸಿಯಾಗಿಂದೇ ಒಂದು ಕೂದಲ ಕಿತ್ತು ಕೊಟ್ಟ. ಸುಟ್ರು. ಅದೇ ಘಾಟು, ಅದೇ ಪುಡಿ ಬೂದಿ. "ನೋಡ್ರಿಪಾ, ನಮ್ಮ ಕುರಿನೂ ಬೀಗರ ಮೀಸಿನೂ ಒಂದ ಮಾಲು!" ಅಂದ ಕಾಕಾ.

ಸೋದರತ್ತಿ ಸೋಲಾಕ ತಯಾರಿಲ್ಲ. ತನ್ನ ಶಾಲು ಅಸಲಿ ಉಣ್ಣಿದು, ಅದನ್ನ ಸುಟ್ಟು ತೋರಿಸು ಅಂತ ಎಳಿ ತಾನೇ ಕಿತ್ತು ಕೊಟ್ಲು. ಅದು ಬೆಂಕಿ ಮುಟ್ಟಿದ್ದೇ ತಡ ಮೇಣದಂಗ ಕರಗಿತು. ತುದಿಯಾಗ ಗಟ್ಟಿ ಮಣಿ ಕಟ್ಟಿತು; ಉಗುರಿನಾಗ ಒತ್ತಿದ್ರೂ ಒಡೀಲಿಲ್ಲ. ಬಜಾರದ ಪ್ಲಾಸ್ಟಿಕ್ ನೂಲು ಅದು. ಆಕಿ ಶಾಲು ತೆಗದು ಚೀಲದಾಗ ತುರುಕಿದ್ಲು. ಬಿಸಲು ಭಾಳ ಅದ ಅಂದ್ಲು. ಬೀಗ ಆ ತೊಯ್ದ ಕಂಬಳಿ ಮ್ಯಾಲೇ ಕುಂತು ಚಾ ಕೇಳಿದ. ನಾ ಅಡಗಿ ಮನಿಗೆ ಹೋಗಿ ಒಲಿ ಮುಂದ ಧೊಪ್ಪಂತ ಕುಂತೆ. ಅಳಲಿಲ್ಲ. ಉಸಿರು ಬಿಟ್ಟೆ, ಅಷ್ಟೇ. ಮರುದಿನ ಲಗ್ನ ಆತು.

ನೀರು ಯಾಕ ಕುಡೀತು ಅನ್ನೋದು ಮಾತ್ರ ನನಗ ತಿಳೀದೆ ಉಳಿದಿತ್ತು. ಇದನ್ನೆಲ್ಲಾ ಕೇಳಿ ಮೊಮ್ಮಗಳು ಇಕ್ಕಳ ಕೆಳಗಿಟ್ಟು ಬಿಡಿಸಿ ಹೇಳಿದ್ಲು. ಕೂದಲ, ಉಣ್ಣಿ, ಉಗುರು, ಕೊಂಬು ಎಲ್ಲಾ ಪ್ರೋಟೀನ್ ಅಂತ. ಸಣ್ಣ ಸಣ್ಣ ಮಣಿ ಪೋಣಿಸಿದ ಉದ್ದನ ಸರ, ಆ ಸರ ಸ್ಪ್ರಿಂಗಿನಂಗ ಸುತ್ತಿಕೊಂಡಿರತದಂತ. ಸುತ್ತು ಬಿಚ್ಚದಂಗ, ಒಂದು ಸರ ಇನ್ನೊಂದನ್ನ ಬಿಡದಂಗ ಹಿಡಿಯೋ ಕಟ್ಟು ಎರಡು ನಮೂನಿ. ಒಂದು ಇಸ್ತ್ರಿ ಮಡಿಕಿಯಂಗ, ಕಾಯಿಸಿದ್ರ ಬಿಡತದ, ತೊಯ್ದ್ರ ಮೊದಲಿನಂಗ ಆಗತದ. ಅದಕ್ಕೇ ಆಕಿ ನೆಟ್ಟಗ ಮಾಡಿದ ಕೂದಲ ನೀರು ಬಿದ್ದ್ರ ಮತ್ತ ಗುಂಗುರು. ಇನ್ನೊಂದು ಹೊಲಿಗಿಯಂಗ, ಗಂಧಕದ ಕಟ್ಟು, ಅಷ್ಟು ಸುಲಭ ಬಿಚ್ಚಂಗಿಲ್ಲ. ಸುಟ್ಟಾಗ ಆ ಘಾಟು ಬರೋದು ಮುಖ್ಯ ಆ ಗಂಧಕದ್ದೇ ಅಂತ.

"ಮತ್ತ ನೀರಿಂದು?" ಅಂದೆ.

ಕುರಿ ಮೈ ಜಿಡ್ಡು ಕೊಬ್ಬಿನ ಜಾತಿಯಂತ, ಪುಸ್ತಕದಾಗ ಲಿಪಿಡ್ ಅಂತಾರಂತ. ಅದಕ್ಕ ನೀರು ಅಂದ್ರ ಆಗಂಗಿಲ್ಲ. ಉಣ್ಣಿಗೆ ಅದು ಹೊಲಿಗಿ ಹಾಕಿದ್ದಲ್ಲ, ಮ್ಯಾಲೆ ಬಳದದ್ದು. ಬಿಸಿ ಸೋಡಾ ನೀರು ಜಿಡ್ಡನ್ನ ಎಬ್ಬಿಸಿಕೊಂಡು ಹೋತು, ವಾಸನಿನೂ ಅದರ ಸಂಗಟ ಹೋತು. ಉಣ್ಣಿ ಬರೇ ಉಣ್ಣಿ ಆಗಿ ಉಳೀತು. ಬರೇ ಉಣ್ಣಿ ನೀರು ಕುಡೀತದ. ಇಷ್ಟೇ ಮಾತು. ಇಷ್ಟಕ್ಕ ಒಂದು ಲಗ್ನ ಮುರೀತಿತ್ತು.

ಲಗ್ನ ಮುಗದ ಮ್ಯಾಲೆ ನಾ ಕಾಕಾಗ ಹೋಳಿಗಿ ಕೊಡಾಕ ಹೋಗಿದ್ದೆ. ತಿನಕೋತನೇ ಅವ ಹೇಳಿದ. "ತಂಗಿ, ಆ ಹೊತ್ತಿಗೆ ನನಗ ಖಾತ್ರಿ ಇದ್ದಿಲ್ಲ. ನೂಲು ನಾ ಹೊರಗ ಕೊಟ್ಟು ತೆಗಿಸಿದ್ದೆ. ಈ ಕಣ್ಣಿಗೆ ಏನ್ ಕಾಣತದ? ವಾಸನಿ ಇಲ್ಲ, ನೀರು ಕುಡೀತು. ಯಾರರೆ ಬದಲಿ ಮಾಡ್ಯಾರಂತ ನನಗೇ ಅನಿಸಿತ್ತು. ನೂಲು ಕರಗಿದ್ರ ಏನ್ ಗತಿ ಅನಕೋತನೇ ಕಡ್ಡಿ ಗೀರಿದೆ." ಹೇಳಿ ನಕ್ಕ. ಹೋಳಿಗಿಗೆ ತುಪ್ಪ ಕಮ್ಮಿ ಅಂದ.

ಮುಂದ ಒಂದು ಚಳಿಗಾಲದಾಗ ಅವ ಸತ್ತ… ಮಕ್ಕಳು ಮಗ್ಗದ ಕುಣಿ ಮುಚ್ಚಿ ಫರಸಿ ಕಲ್ಲು ಹಾಸ್ಯಾರ, ಅಲ್ಲೀಗ ಮೋಟರ್ ಸೈಕಲ್ ನಿಂದರತದ. ಓಣಿಯಾಗ ನೇಯೋರು ಯಾರೂ ಉಳಿದಿಲ್ಲ. ಈ ಹುಡುಗಿ ಲಗ್ನಕ್ಕ ಕಂಬಳಿ ಶಹಾಪುರದ ಅಂಗಡಿಯಾಗೇ ತರಬೇಕು. ಅದು ಏನು ಕುಡೀತದೋ ಏನು ಬಿಡತದೋ ಹೇಳೋರಿಲ್ಲ.

ಮಗಳು ಹೊಲದಿಂದ ಬಂದು ಕೈಕಾಲು ತೊಳಿಯಾಕತ್ತಿದ್ಲು, ಅಳಿಯಗ ಏನೋ ಒದರಾಕತ್ತಿದ್ಲು. ಚಲೋ ಬಾಳೇ ಮಾಡ್ಯಾಳ ಆಕಿ. ಅವತ್ತ ಕಾಕಾ ತನ್ನ ಅನುಮಾನ ಬಾಯಿಬಿಟ್ಟಿದ್ದ್ರ ನಾ ಅವನ ಕೈಯಾಗಿನ ಕಡ್ಡಿ ಕಸಗೊಂಡು ಒಗೀತಿದ್ದೆ, ಬೀಗರು ಎದ್ದು ಹೋಗತಿದ್ರು. ಊರಿಗೆಲ್ಲಾ ಬಾಯಿ ಮಾಡೋ ಮನಷ್ಯಾ, ಆ ಒಂದು ಗಳಿಗಿ ಬಾಯಿ ಮುಚ್ಚಿಕೊಂಡಿದ್ದ.